ಕೆಮ್ಮಿಗೆ ಮರೆ

ಗಂಡ ಹೆಂಡತಿ ಇಬ್ಬರನ್ನೂ ಒಳಗೆ ಬಿಟ್ಟು ಮೇಸ್ತ್ರಿ ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸುತ್ತಿದ್ದ. ಹೊರಗಿನಿಂದ.

ಮೊದಲು ಮೇಲಿನ ಅಂಚು. ಆಮೇಲೆ ಎಡ, ಬಲ. ಕೊನೆಗೆ ಬಗ್ಗಿ ಹೊಸ್ತಿಲಿನ ಉದ್ದಕ್ಕೂ. ಟೇಪು ಬಿಚ್ಚುವ ಚರ್ರೆನ್ನುವ ಸದ್ದು ನಾಲ್ಕು ಸಲ ಕೇಳಿತು. ನಾಲ್ಕನೆಯದಾದ ಮೇಲೆ ಅವನು ಹಾಳೆಯ ಆಚೆ ಬರೀ ನೆರಳಾಗಿ ಉಳಿದ.

"ಅಕ್ಕಾ, ಕೇಳ್ತಾ ಇದೆಯಾ? ಕಾರಿಡಾರಿನಲ್ಲಿ ವಾರ್ನಿಶ್ ಹೊಡೆದಿದೆ. ಆರು ಬಾಗಿಲು. ಮೂರು ಗಂಟೆವರೆಗೂ ಹಸಿ. ಒಂದು ಚಿಟಿಕೆ ಧೂಳು ಈಚೆ ಬಂದ್ರೂ ನನ್ನ ಚರ್ಮ ಸುಲೀತಾರೆ."

"ನಡುವೆ ಏನಾದ್ರೂ ಬೇಕಾದ್ರೆ?"

"ಏನೂ ಬೇಕಾಗಬಾರದು. ನೀರು ಇಟ್ಟಿದೀನಿ ನೋಡು, ಕಿಟಕಿ ಕೆಳಗೆ."

ಎರಡು ಬಾಟ್ಲಿ ಇಟ್ಟಿದ್ದ. ಎರಡರ ಮುಚ್ಚಳವನ್ನೂ ಸಡಿಲ ಮಾಡಿ ಇಟ್ಟಿದ್ದ. ದಿನವಿಡೀ ಗೋಡೆ ಉಜ್ಜುವ ಮಿಷನ್ ಹಿಡಿದ ಬೆರಳುಗಳಿಂದ ಬಾಟ್ಲಿಯ ಮುಚ್ಚಳ ತಿರುಗಿಸಲಾಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಮೇಸ್ತ್ರಿ ಕೆಟ್ಟವನಲ್ಲ. ಆದರೂ ಮುಚ್ಚಿದ.

ಹದಿನಾಲ್ಕನೆಯ ಅಂತಸ್ತು. ಕಾರಿಡಾರಿಗೇ ಬಾಗಿಲು ತೆರೆಯುವ ದೊಡ್ಡ ಮುಂಗೋಣೆ. ಬಾಗಿಲ ಚೌಕಟ್ಟು ಕೂರಿಸಿದ್ದರು, ಬಾಗಿಲು ಇನ್ನೂ ಬಂದಿರಲಿಲ್ಲ. ಹೊರಗೋಡೆಗೆ ಬಣ್ಣ ಆಗಿದ್ದರಿಂದ ಕಿಟಕಿಗೂ ಟೇಪು. ನಾಲ್ಕು ಗೋಡೆ, ಒಂದು ಸೂರು, ಎಲ್ಲಕ್ಕೂ ಎರಡು ಸಲ ಬಿಳಿ ಪುಟ್ಟಿ ಬಳಿದು ಒಣಗಿಸಿದ್ದರು. ಅದನ್ನು ಗಾಜಿನ ಹಾಗೆ ನುಣುಪು ಮಾಡುವುದು ಅವರ ಕೆಲಸ.

ಮಿಷನ್ನಿಗೆ ಅವರೆಲ್ಲ ಕೊಕ್ಕರೆ ಎನ್ನುತ್ತಿದ್ದರು. ಆಳುದ್ದದ ಕತ್ತು, ತುದಿಯಲ್ಲಿ ಊಟದ ತಟ್ಟೆಯಷ್ಟು ದೊಡ್ಡ ದುಂಡು ತಲೆ. ತಲೆಗೆ ಮರಳು ಕಾಗದ ಅಂಟಿಸಿದರೆ ಗಿರ್ರನೆ ತಿರುಗಿ ಗೋಡೆಯನ್ನು ಸವರುತ್ತದೆ. ಒತ್ತಬಾರದು. ಒತ್ತಿದರೆ ಗುಳಿ ಬೀಳುತ್ತದೆ. ನಿಲ್ಲಿಸಬಾರದು. ನಿಂತಲ್ಲೂ ಗುಳಿ ಬೀಳುತ್ತದೆ. ಒಂದು ಸವರಿನ ಅರ್ಧಕ್ಕೆ ಇನ್ನೊಂದು ಸವರು ಏರುತ್ತ, ಗೋಡೆಯ ಈ ತುದಿಯಿಂದ ಆ ತುದಿಗೆ ತೇಲಿಸಿಕೊಂಡು ಹೋಗಬೇಕು. ಗೋಡೆಯಾದರೆ ಪರವಾಗಿಲ್ಲ. ಸೂರಿಗೆ ಹಿಡಿದರೆ ಮೊದಲು ಮಣಿಕಟ್ಟು ನಡುಗುತ್ತದೆ, ಆಮೇಲೆ ರಟ್ಟೆ, ಆಮೇಲೆ ಹಲ್ಲು.

ಕೊಕ್ಕರೆಯ ಜೊತೆಗೆ ಧೂಳು ಎಳೆದುಕೊಳ್ಳುವ ಡಬ್ಬಿಯೊಂದು ಬಂದಿತ್ತು. ಉದ್ದ ಕೊಳವೆ, ಅದರ ತುದಿಗೆ ಚಕ್ರವಿರುವ ಡಬ್ಬಿ. ಅದು ಈಗ ಆರನೆಯ ಅಂತಸ್ತಿನಲ್ಲಿತ್ತು. ಅಲ್ಲಿ ಮನೆ ಕೊಂಡವರು ಸಾಮಾನು ತಂದಿಟ್ಟುಬಿಟ್ಟಿದ್ದರು.

"ಅವರ ಸೋಫಾಗೆ ಉಸಿರಾಟದ ತೊಂದರೆ," ಎಂದಿದ್ದ ಗಂಡ.

ನಗಬಾರದಿತ್ತು. ಆದರೂ ಅವಳು ನಕ್ಕಿದ್ದಳು.

ಮೊದಲೆಲ್ಲ ಕೊಕ್ಕರೆ ಅವನ ಕೈಯಲ್ಲಿತ್ತು, ದೀಪ ಅವಳ ಕೈಯಲ್ಲಿ. ಈ ಕೆಲಸಕ್ಕೆ ಜೋಡಿ ಬೇಕು. ಒಬ್ಬರು ಉಜ್ಜಬೇಕು, ಇನ್ನೊಬ್ಬರು ದೀಪವನ್ನು ಗೋಡೆಗೆ ಆನಿಸಿ ಹಿಡಿಯಬೇಕು. ಎದುರಿನಿಂದ ನೋಡಿದರೆ ಎಲ್ಲ ಗೋಡೆಯೂ ನುಣುಪೇ. ಬೆಳಕು ಪಕ್ಕದಿಂದ ಜಾರಿ ಬಿದ್ದಾಗ ಮಾತ್ರ ಉಬ್ಬು ತಗ್ಗು ನೆರಳಾಗಿ ಏಳುತ್ತವೆ. ನೆರಳು ಕಂಡಲ್ಲಿ ಉಜ್ಜಬೇಕು. ನೆರಳು ಹೋಗುವವರೆಗೂ ಉಜ್ಜಬೇಕು. ಅವನು ಹನ್ನೊಂದು ವರ್ಷ ಉಜ್ಜಿದ. ಹನ್ನೆರಡನೆಯ ವರ್ಷ ಒಂದು ದಿನ ಸೂರಿನ ಅರ್ಧಕ್ಕೆ ಕೈ ಇಳಿಸಿದ. ಮತ್ತೆ ಎತ್ತಲಾಗಲಿಲ್ಲ. ಅವತ್ತಿನಿಂದ ಕೊಕ್ಕರೆ ಅವಳದು, ದೀಪ ಅವನದು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನ ಎದೆಯ ಫೋಟೋ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಧೂಳಿನಿಂದ ದೂರ ಇರಿ" ಎಂದಿದ್ದರು. ಪಾಪ, ಒಳ್ಳೆಯ ಹೆಂಗಸು. ತಮ್ಮ ಕುರ್ಚಿಯನ್ನೇ ಅವನಿಗೆ ಬಿಟ್ಟುಕೊಟ್ಟು ನಿಂತೇ ಮಾತಾಡಿದ್ದರು.

"ಮೀನಿಗೆ ನೀರು ಮುಟ್ಟಬೇಡ ಅಂದ ಹಾಗಾಯ್ತು," ಎಂದು ಅವನು ಮೆಟ್ಟಿಲಿಳಿಯುತ್ತ ಹೇಳಿದ್ದ. ಮೂರು ಮೆಟ್ಟಿಲಿಗೊಮ್ಮೆ ನಿಂತು ಹೇಳಿದ್ದ.

ಯಾರಿಗೂ ಹೇಳಲಿಲ್ಲ. ಹೇಳುವ ಹಾಗಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಇನ್ನೊಂದು ಜೋಡಿಯ ದೀಪದವನು ಮನೆ ನೋಡಲು ಬಂದವರ ಎದುರೇ ಕೆಮ್ಮಿದ್ದ. ಬಂದಿದ್ದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು ಹಿಂದೆ ಸರಿದಳು, ಅಷ್ಟೇ. ಮಧ್ಯಾಹ್ನದೊಳಗೆ, ಕಟ್ಟಡದ ಹಿಂದೆ ಆ ಜೋಡಿಗೆ ಇರಲು ಕೊಟ್ಟಿದ್ದ ಶೆಡ್ಡು ಖಾಲಿ. ಹಾಸಿಗೆ ಸುರುಳಿ, ಎರಡು ಬಕೆಟ್, ಒಂದು ಸ್ಟವ್ವು, ಎಲ್ಲವೂ ಗೇಟಿನ ಹೊರಗೆ. ಕೆಮ್ಮುವವರಿಗೆ ಕಟ್ಟಡದಲ್ಲಿ ಜಾಗವಿಲ್ಲ. ಕೆಮ್ಮು ಬರಿಸುವ ಕೆಲಸಕ್ಕೆ ಮಾತ್ರ ಜಾಗವಿತ್ತು.

ಹಾಗಾಗಿ ಅವರಿಬ್ಬರೂ ಒಂದು ರೂಢಿ ಮಾಡಿಕೊಂಡರು. ಕೂತು ಮಾತಾಡಿ ಮಾಡಿಕೊಂಡದ್ದಲ್ಲ, ತಾನಾಗಿ ಆದದ್ದು. ಕೆಮ್ಮು ಬರುವ ಮೊದಲು ಅವನ ಎಡ ಭುಜ ಒಂದಿಷ್ಟು ಮೇಲೇಳುತ್ತದೆ. ಅದನ್ನು ಕಂಡ ಕೂಡಲೇ ಅವಳು ಮಿಷನ್ ಹಾಕುತ್ತಾಳೆ. ಕೊಕ್ಕರೆಯ ಕೂಗಿನಲ್ಲಿ ಕೆಮ್ಮು ಮುಳುಗುತ್ತದೆ. ಅವನು ಕೆಮ್ಮಿ ಮುಗಿಸಿ ದೀಪವನ್ನು ಮತ್ತೆ ಗೋಡೆಗೆ ಆನಿಸಿದರೆ ಅವಳು ನಿಲ್ಲಿಸುತ್ತಾಳೆ. ಎಷ್ಟೋ ಸಲ ಉಜ್ಜಲು ಏನೂ ಇರುತ್ತಿರಲಿಲ್ಲ. ಗೋಡೆಗೆ ತಾಕದ ಹಾಗೆ ಗಾಳಿಯಲ್ಲೇ ತಿರುಗಿಸುತ್ತ ನಿಂತಿರುತ್ತಿದ್ದಳು. ಬೇರೆ ಹೆಂಗಸರು ಗಂಡಂದಿರಿಗೆ ಏನೇನೋ ಕೊಡುತ್ತಾರೆ. ಅವಳು ಸದ್ದು ಕೊಡುತ್ತಿದ್ದಳು.

ನಿನ್ನೆ ಸಂಜೆ ಸುತ್ತಿನ ಸಾಹೇಬರು ಬಂದಿದ್ದರು. ಗೋಡೆ ಪಾಸು ಮಾಡುವವರು. ಕಿವಿಗೆ ದಪ್ಪ ಪೆನ್ಸಿಲ್ ಸಿಕ್ಕಿಸಿಕೊಂಡು ಬರುತ್ತಾರೆ. ಹುಳುಕು ಕಂಡಲ್ಲಿ ಸುತ್ತು ಹಾಕುತ್ತಾರೆ. ಆ ಪೆನ್ಸಿಲನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಸುತ್ತು ಹಾಕುವುದು ಅವರ ಕೆಲಸ, ಅಳಿಸುವುದು ಇವರದು.

ಒಂದು ಸುತ್ತು ಹಾಕಿ ಇನ್ನೊಂದಕ್ಕೆ ಬಗ್ಗುವಾಗ ಅವರಿಗೆ ಫೋನು ಬಂದಿತ್ತು. "ಮಿಷನ್ ಆಫ್ ಮಾಡಮ್ಮ," ಎಂದರು. ಮಾಡಿದಳು. ಅದೇ ಹೊತ್ತಿಗೆ ಗಂಡನ ಭುಜ ಎದ್ದಿತು. ಅವಳು ಮತ್ತೆ ಹಾಕಿದಳು.

"ಆಫ್ ಮಾಡು ಅಂದೆನಲ್ಲ."

"ಒಂದು ಚುಕ್ಕಿ ಉಳಿದಿತ್ತು ಸಾರ್."

"ಕಿವಿ ಕೇಳಲ್ವಾ?"

"ಮಿಷನ್ ಸದ್ದಿಗೆ ಕೇಳ್ಲಿಲ್ಲ ಸಾರ್."

ಅವರು ಫೋನನ್ನು ಅಂಗೈಯಲ್ಲಿ ಮುಚ್ಚಿಕೊಂಡು ಹೊರಗೆ ಹೋದರು. ತಿರುಗಿ ಬಂದು ಸಿಟ್ಟಿನಲ್ಲಿ ಇನ್ನೂ ಹತ್ತು ಸುತ್ತು ಹಾಕಿದರು. ಹುಳುಕಿಲ್ಲದ ಕಡೆಯೂ. ಒಟ್ಟು ಮೂವತ್ತೊಂದು. ನಾಳೆ ಮೂರು ಗಂಟೆಗೆ ಬಣ್ಣದವರು ಬರುತ್ತಾರೆ, ಅಷ್ಟರೊಳಗೆ ಒಂದೂ ಇರಬಾರದು ಎಂದರು.

ಆ ನಾಳೆಯೇ ಈಗ ಬಂದಿತ್ತು.

ಹತ್ತು ಗಂಟೆಗೆ ಶುರು ಮಾಡಿದರು. ಅವಳು ಒದ್ದೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಅವನ ಮೂಗು ಬಾಯಿಗೆ ಬಿಗಿದು, ತನಗೂ ಒಂದು ಕಟ್ಟಿಕೊಂಡಳು. ಮೊದಲ ಗೋಡೆ ಮುಗಿಯುವಷ್ಟರಲ್ಲಿ ಬಟ್ಟೆ ಒಣಗಿ ತಟ್ಟೆಯಂತಾಯಿತು. ಮತ್ತೆ ಒದ್ದೆ ಮಾಡಿದಳು. ಕುಡಿಯುವ ನೀರಿನಲ್ಲೇ. ಅವಳು ಹೇಗೂ ಕುಡಿಯುತ್ತಿರಲಿಲ್ಲ. ಕುಡಿದರೆ ಹೊರಗೆ ಹೋಗಬೇಕಾಗುತ್ತದೆ.

ಧೂಳು ಮೊದಲು ಬೆಳಕಿನಲ್ಲಿ ತೇಲುತ್ತದೆ. ಆಮೇಲೆ ಬೆಳಕನ್ನೇ ನುಂಗುತ್ತದೆ. ರೆಪ್ಪೆಯ ಮೇಲೆ, ಕಿವಿಯ ಒಳಗೆ, ಬಳೆಯ ಸಂದಿನಲ್ಲಿ ಕೂರುತ್ತದೆ. ನಾಲಿಗೆಯ ಮೇಲೆ ಎಂಜಲಿನ ಜೊತೆ ಸೇರಿ ಅಂಟಾಗುತ್ತದೆ.

"ಕನ್ನಡಿ ಇದ್ದಿದ್ರೆ ತೋರಿಸ್ತಿದ್ದೆ," ಎಂದ ಗಂಡ, ಅವಳು ಕಾಗದ ಬದಲಿಸುವಾಗ. "ಒಂದು ಗೋಡೆಗೇ ಅಜ್ಜಿ ಆಗಿಬಿಟ್ಟೆ."

"ನೀವೇನು ಮದುಮಗನ ಹಾಗಿದೀರಾ?"

"ಅಜ್ಜಿಗೆ ತಕ್ಕ ಅಜ್ಜ." ಉಸಿರಿಗಾಗಿ ನಿಂತ. "ಎಷ್ಟಾಯ್ತು ಸುತ್ತು?"

"ಹದಿನೇಳು ಹೋಯ್ತು. ಕೂತ್ಕೊಂಡು ಹಿಡೀರಿ ದೀಪ."

"ಕೂತ್ರೆ ಮೇಲಿಂದು ಕಾಣಲ್ಲ."

"ನಾನು ಅಂದಾಜಲ್ಲಿ ಉಜ್ತೀನಿ."

"ನಿನ್ನ ಅಂದಾಜು ನನಗೆ ಗೊತ್ತಿಲ್ವಾ," ಎಂದು ಅವನು ಕೂರಲಿಲ್ಲ. ಉಜ್ಜುವಾಗ ಬೆಳಕು ಅವಳ ಕಣ್ಣಿಗೆ ಹೊಡೆಯದ ಹಾಗೆ ಒಂದು ಕೈಯನ್ನು ದೀಪಕ್ಕೆ ಅಡ್ಡ ಹಿಡಿಯುತ್ತಿದ್ದ. ಹನ್ನೊಂದು ವರ್ಷ ಅವಳು ಅವನಿಗೆ ಹಾಗೆ ಹಿಡಿದಿರಲಿಲ್ಲ. ಹಿಡಿಯಬೇಕೆಂದೇ ಹೊಳೆದಿರಲಿಲ್ಲ.

ಒಂದು ಗಂಟೆಯ ಹೊತ್ತಿಗೆ ಏಳು ಸುತ್ತು ಉಳಿದವು. ಅವನ ಭುಜ ಎದ್ದಿತು. ಅವಳು ಮಿಷನ್ ಹಾಕಿದಳು.

ಈ ಸಲ ದೀಪ ಕೆಳಗಿಳಿಯಿತು. ಕೆಮ್ಮು ಜೋರಾದರೆ ಅವನು ದೀಪವನ್ನು ನೆಲಕ್ಕಿಟ್ಟು ಬಗ್ಗುವುದುಂಟು. ಅವಳು ತಿರುಗಿ ನೋಡಲಿಲ್ಲ. ಕೆಮ್ಮುವಾಗ ತನ್ನನ್ನು ನೋಡಿದರೆ ಅವನಿಗೆ ನಾಚಿಕೆ. ಅವಳು ಎದುರಿನ ಗೋಡೆಯನ್ನೇ ನೋಡುತ್ತ ಒಂದು ಸುತ್ತು ಉಜ್ಜಿದಳು. ಮುಗಿಯಿತು. ದೀಪ ಮೇಲೇಳಲಿಲ್ಲ. ಪಾಪ, ಸಾವಕಾಶವಾಗಿ ಕೆಮ್ಮಲಿ ಎಂದು ಇನ್ನೊಂದು ಸುತ್ತಿಗೆ ಹೋದಳು. ಕಾರಿಡಾರಿನಲ್ಲಿ ಯಾರಾದರೂ ಇದ್ದರೆ ಕೇಳಿಸದಿರಲಿ ಎಂದು ವೇಗದ ಗುಂಡಿಯನ್ನು ಒಂದು ಮೆಟ್ಟಿಲು ಏರಿಸಿದಳು.

ಬೆಳಕು ಈಗ ನೆಲದಿಂದ ಬರುತ್ತಿತ್ತು. ಗೋಡೆಯ ಮೇಲೆ ಐದು ಗೆರೆ ಕಂಡವು. ಉದ್ದನೆಯವು, ಕಪ್ಪನೆಯವು. ಇಷ್ಟು ದೊಡ್ಡ ಹುಳುಕು ನಿನ್ನೆ ಕಾಣಲಿಲ್ಲವಲ್ಲ ಎಂದುಕೊಂಡಳು. ಉಜ್ಜಿದಳು. ಹೋಗಲಿಲ್ಲ. ಇನ್ನೂ ಉಜ್ಜಿದಳು. ಗೆರೆಗಳು ಒಂದಕ್ಕೊಂದು ಹತ್ತಿರ ಬಂದವು, ದೂರ ಹೋದವು. ಮತ್ತೆ ಹತ್ತಿರ ಬಂದವು.

ಅವು ಬೆರಳುಗಳು.

ಅವಳು ಉಜ್ಜುತ್ತಿದ್ದದ್ದು ಅವನ ಕೈಯ ನೆರಳನ್ನು.

ಮಿಷನ್ ನಿಲ್ಲಿಸಿ ತಿರುಗಿದಳು. ಅವನು ಹಿಂದಿನ ಗೋಡೆಯ ಬುಡದಲ್ಲಿ ಕುಸಿದಿದ್ದ. ಒಂದು ಕೈ ಅವಳ ಕಡೆ ಚಾಚಿತ್ತು, ದೀಪದ ಎದುರಿಗೆ. ಕರೆಯುತ್ತಿದ್ದ. ಎಷ್ಟು ಹೊತ್ತಿನಿಂದಲೋ. ಮೂಗಿನ ಬಟ್ಟೆ ಕತ್ತಿಗೆ ಜಾರಿತ್ತು. ಬಾಯಿ ತೆರೆದಿತ್ತು. ಉಸಿರು ಒಳಗೆ ಹೋಗುವ ಸದ್ದು ಕೇಳುತ್ತಿತ್ತು, ಉಸಿರು ಹೋಗುತ್ತಿರಲಿಲ್ಲ. ಬೀಳುವಾಗ ಗೋಡೆಗೆ ಕೈ ಊರಿದ್ದ. ಆಗ ತಾನೇ ನುಣುಪಾಗಿದ್ದ ಪುಟ್ಟಿಯ ಮೇಲೆ ಬೆವರಿನ ಅಂಗೈ, ಅಲ್ಲಿಂದ ಕೆಳಕ್ಕೆ ಜಾರಿದ ನಾಲ್ಕು ಪಟ್ಟೆ. ಪಟ್ಟೆಯ ಕೊನೆಯಲ್ಲಿ ಕೆಂಪು.

ಅವನನ್ನು ಎದೆಗೆ ಒರಗಿಸಿ ಕೂರಿಸಿದಳು. ನೀರು ಕೊಟ್ಟಳು. ನೀರು ತುಟಿಯಿಂದ ಹಾಗೇ ಇಳಿಯಿತು. ಬಾಗಿಲಿಗೆ ಓಡಿದಳು.

"ಮೇಸ್ತ್ರಿ! ತೆಗೀರಿ!"

ಹಾಳೆಯ ಆಚೆ ನೆರಳು ಬಂದಿತು. "ಏನಕ್ಕಾ?"

"ಇವರಿಗೆ ಉಸಿರು ಸಿಕ್ತಿಲ್ಲ. ತೆಗೀರಿ."

ನೆರಳು ಅಲ್ಲಾಡಲಿಲ್ಲ. "ಇನ್ನೂ ಹಸಿ ಇದೆ ಅಕ್ಕಾ. ಬೆರಳಿಟ್ಟು ನೋಡ್ದೆ ಈಗ್ತಾನೆ. ಕಿಟಕಿ ಹತ್ರ ಕೂರ್ಸು."

"ಕಿಟಕಿಗೂ ಟೇಪು ಹಾಕಿದೀರಲ್ಲ."

"ಸಾಹೇಬ್ರನ್ನ ಕೇಳಿ ಬರ್ತೀನಿ. ಐದೇ ನಿಮಿಷ. ಅಕ್ಕಾ, ಕೈ ಮುಗೀತೀನಿ, ಐದು ನಿಮಿಷ."

ನೆರಳು ಹೋಯಿತು.

ಅವಳು ಹಾಳೆಯ ಮುಂದೆ ನಿಂತಳು. ತೆಳ್ಳನೆಯ ಹಾಳೆ. ಮಗುವೂ ಹರಿಯಬಹುದಾದದ್ದು. ಬೆಳಿಗ್ಗೆಯಿಂದ ಮೂರು ಗಂಟೆ ಕಾಲ ಅವರಿಬ್ಬರನ್ನು ಒಳಗೆ ಹಿಡಿದಿಟ್ಟದ್ದು ಇದಲ್ಲ. ಆಚೆಯ ಆರು ಬಾಗಿಲುಗಳ ಹೊಳಪು, ಶೆಡ್ಡಿನ ಬೀಗ, ಗೇಟಿನ ಹೊರಗೆ ಬಿದ್ದ ಯಾರದೋ ಹಾಸಿಗೆ ಸುರುಳಿ, ಅವೆಲ್ಲ ಹಿಡಿದಿದ್ದವು. ಈಗಲೂ ಅವಳ ಕೈ ಏಳಲಿಲ್ಲ. ಅಷ್ಟು ಅಭ್ಯಾಸವಾಗಿತ್ತು. ನಿಂತೇ ಇದ್ದಳು. ಎಷ್ಟು ಹೊತ್ತು ನಿಂತಿದ್ದೆ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು. ನಾಲ್ಕು ಉಸಿರಿನಷ್ಟು? ಹತ್ತು? ಅವನ ಲೆಕ್ಕದಲ್ಲಿ ಎಷ್ಟು?

ಹಿಂದಿನಿಂದ ಅವನ ಹಿಮ್ಮಡಿ ನೆಲಕ್ಕೆ ಬಡಿಯುವ ಸದ್ದು ಬಂದಿತು.

ಪುಟ್ಟಿ ಬಳಿಯುವ ತಗಡು ಕಿಟಕಿ ಕಟ್ಟೆಯ ಮೇಲಿತ್ತು. ತಂದು ಹಾಳೆಯ ನೆತ್ತಿಗೆ ಚುಚ್ಚಿ ಹೊಸ್ತಿಲವರೆಗೆ ಎಳೆದಳು.

ಕೋಣೆಯ ಧೂಳೆಲ್ಲ ಒಮ್ಮೆಗೇ ಹೊರಟಿತು. ಅದಕ್ಕೂ ಉಸಿರು ಕಟ್ಟಿತ್ತೇನೋ. ಕಾರಿಡಾರಿನ ಉದ್ದಕ್ಕೂ ಹರಡಿ, ಆರು ಬಾಗಿಲುಗಳ ಮೇಲೆ ನಿಧಾನಕ್ಕೆ ಕೂತಿತು. ಕನ್ನಡಿಯಂತಿದ್ದ ಬಾಗಿಲುಗಳು ಕಣ್ಣೆದುರೇ ಕುರುಡಾದವು.

ಅವನ ಎರಡು ಕಂಕುಳಿಗೂ ಕೈ ಹಾಕಿ ಹಿಂದಕ್ಕೆ ನಡೆಯುತ್ತ ಎಳೆದಳು. ಹಗುರವಾಗಿದ್ದ. ಕೊಕ್ಕರೆಗಿಂತ ಸ್ವಲ್ಪವೇ ಭಾರ ಅನ್ನಿಸಿತು. ಎದುರು ಮನೆಯಲ್ಲಿ ನೆಲಕ್ಕೆ ಟೈಲ್ಸ್ ಹಾಕುತ್ತಿದ್ದವನು ಓಡಿ ಬಂದು ಕಾಲು ಹಿಡಿದ. ಕಾರಿಡಾರಿನ ತುದಿಯ ಕಿಟಕಿಯ ಕೆಳಗೆ ಕೂರಿಸಿದರು. ಟೈಲ್ಸ್‌ನವನು ತನ್ನ ಅಂಗಿ ಬಿಚ್ಚಿ ನೀರಲ್ಲಿ ಅದ್ದಿ ಅವನ ಮುಖ ಒರೆಸಿದ. ಒರೆಸಿದಷ್ಟೂ ಬಿಳಿಯ ಕೆಳಗಿಂದ ನೀಲಿ ಮುಖ ಎದ್ದು ಬಂದಿತು.

"ಲಿಫ್ಟು ಕರೀರೋ," ಎಂದು ಟೈಲ್ಸ್‌ನವನು ಕೂಗಿದ.

ಮೇಸ್ತ್ರಿ ಸುತ್ತಿನ ಸಾಹೇಬರನ್ನು ಕರೆದುಕೊಂಡು ಬಂದ. ಸಾಹೇಬರು ಮೊದಲು ಬಾಗಿಲುಗಳನ್ನು ನೋಡಿದರು. ಒಂದಾದ ಮೇಲೊಂದರಂತೆ ಆರನ್ನೂ ನೋಡಿ ಮುಗಿಸಿ ಆಮೇಲೆ ಕೆಳಗೆ ಕೂತವನನ್ನು ನೋಡಿದರು.

"ಎಷ್ಟು ದಿನದಿಂದ ಇದೆ ಇದು?"

ಅವಳು ಅವನ ಕತ್ತಿಗೆ ಜಾರಿದ್ದ ಬಟ್ಟೆಯ ಗಂಟು ಬಿಚ್ಚಿದಳು.

"ಕಾಯಿಲೆ ಇಟ್ಕೊಂಡು ಕೆಲಸಕ್ಕೆ ಬಂದಿದೀರಿ. ಮುಚ್ಚಿಟ್ಟಿದೀರಿ."

"ಇಲ್ಲಿಗೆ ಬಂದಾಗ ಇರಲಿಲ್ಲ ಸಾರ್," ಎಂದಳು ಅವಳು. "ಇಲ್ಲೇ ಬಂದಿದ್ದು."

ಅವರು ಹರಿದ ಹಾಳೆಯನ್ನು ಸರಿಸಿ ಕೋಣೆಯೊಳಕ್ಕೆ ಇಣುಕಿದರು. ಒಳಗೆ ಹೋದರು. ದೀಪ ಇನ್ನೂ ನೆಲದ ಮೇಲೆ ಉರಿಯುತ್ತಿತ್ತು. ಗೋಡೆಯ ಮೇಲಿನ ಅಂಗೈ ಅವರಿಗೆ ಕಂಡಿತು. ಅವರ ಕೈ ತಾನಾಗಿ ಕಿವಿಗೆ ಹೋಗಿ ಪೆನ್ಸಿಲ್ ತೆಗೆಯಿತು. ಅಂಗೈಗೂ ಜಾರಿದ ಪಟ್ಟೆಗೂ ಸೇರಿಸಿ ಒಂದು ದೊಡ್ಡ ಸುತ್ತು ಹಾಕಿದರು. ಬೇಕೆಂದು ಹಾಕಿದ್ದಲ್ಲ. ಅವರಿಗೂ ಅಭ್ಯಾಸವಾಗಿತ್ತು.

"ಲಿಫ್ಟು ಕೆಳಗಿದೆ. ಬರೋಕೆ ಎರಡು ಮೂರು ನಿಮಿಷ ಬೇಕು," ಎಂದರು. ದನಿ ಏರಿಸಿರಲಿಲ್ಲ. "ಬಣ್ಣದವರು ದಾರಿಯಲ್ಲಿದಾರೆ. ಅಷ್ಟರೊಳಗೆ ಈ ಕೈ ಮೇಲೆ ಒಂದು ಸಲ ಆಡಿಸಿಬಿಡಮ್ಮ. ಆಮೇಲೆ ಕರ್ಕೊಂಡು ಹೋಗು. ಬಾಗಿಲಿಂದು ಆಮೇಲೆ ನೋಡೋಣ."

ಅವಳು ಒಳಗೆ ಬಂದಳು. ಕೊಕ್ಕರೆಯನ್ನು ಎತ್ತಿಕೊಂಡಳು. ಹೌದು, ಎತ್ತಿಕೊಂಡಳು. ಸಾಹೇಬರು ಹೇಳಿದ್ದಕ್ಕೆ ಕೈ ಮೊದಲು ಹೋಗುತ್ತದೆ, ತಲೆ ಆಮೇಲೆ. ಹೆಬ್ಬೆರಳು ಗುಂಡಿಯ ಮೇಲಿತ್ತು. ಗೋಡೆಯ ಮೇಲಿನ ಅಂಗೈ ಅವಳ ಮುಖದ ಎತ್ತರಕ್ಕಿತ್ತು. ಕಿರುಬೆರಳು ಸ್ವಲ್ಪ ಸೊಟ್ಟ. ಎಂಟು ವರ್ಷದ ಕೆಳಗೆ ಏಣಿ ಜಾರಿದಾಗ ಮುರಿದದ್ದು. ಪುಟ್ಟಿಯ ಮೇಲೆ ಆ ಸೊಟ್ಟವೂ ಮೂಡಿತ್ತು.

ಹನ್ನೆರಡು ವರ್ಷದಲ್ಲಿ ಎಷ್ಟೋ ಮನೆ ಮಾಡಿದ್ದರು. ಎಲ್ಲಿಯೂ ಅವನ ಗುರುತು ಒಂದೂ ಉಳಿದಿರಲಿಲ್ಲ. ಉಳಿಯದ ಹಾಗೆ ಮಾಡುವುದೇ ಕೆಲಸವಾಗಿತ್ತು.

ಹೆಬ್ಬೆರಳು ತೆಗೆದಳು.

"ಉಜ್ಜಲ್ಲ."

"ಏನು?"

"ಇದನ್ನ ಉಜ್ಜಲ್ಲ ಸಾರ್."

"ಗೋಡೆ ಹೀಗೇ ಬಿಟ್ಟು ಹೋದ್ರೆ ನಾಳೆಯಿಂದ ಈ ಕಟ್ಟಡ ಅಲ್ಲ, ಯಾವ ಕಟ್ಟಡಕ್ಕೂ ನಿಮ್ಮನ್ನ ಸೇರಿಸಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತು."

"ಅಕ್ಕಾ," ಎಂದ ಮೇಸ್ತ್ರಿ ಬಾಗಿಲಿನಿಂದ. "ಒಂದೇ ಸವರು. ನಾನೇ ಮಾಡ್ಲಾ, ಕೊಡು."

ಅವಳು ಅವನನ್ನು ನೋಡಿದಳು. ಮುಚ್ಚಳ ಸಡಿಲಿಸಿದ ಕೈ ಅದೇ. ಟೇಪು ಅಂಟಿಸಿದ ಕೈ ಅದೇ. ಚಾಚಿದ್ದ ಕೈ ಅವಳ ನೋಟಕ್ಕೆ ಇಳಿಯಿತು.

"ನೀವು ಸುತ್ತು ಹಾಕಿದ ಜಾಗ ಸರಿಯಿಲ್ಲ ಸಾರ್," ಎಂದಳು. "ಹುಳುಕು ಇಲ್ಲಿಲ್ಲ. ಅಲ್ಲಿದೆ." ಬಾಗಿಲ ಚೌಕಟ್ಟಿನ ಕಡೆ ಬೆರಳು ತೋರಿಸಿದಳು. ನಾಲ್ಕು ಅಂಚಿಗೂ ಟೇಪು ಇನ್ನೂ ಹಾಗೇ ಅಂಟಿತ್ತು, ಹೊರಗಿನಿಂದ. "ಅದಕ್ಕೆ ಹಾಕಿ."

ಕೊಕ್ಕರೆಯನ್ನು ನೆಲಕ್ಕೆ ಇಟ್ಟಳು. ತಲೆ ಕೆಳಗಾಗಿ. ಹಾಗೆ ಇಡಬಾರದು, ಹಾಳಾಗುತ್ತದೆ.

ಲಿಫ್ಟು ಬಂದಿತ್ತು. ಧೂಳಿನವರನ್ನು ಅದರಲ್ಲಿ ಹತ್ತಿಸುವ ಹಾಗಿರಲಿಲ್ಲ. ಅವರು ದಿನಾ ಹದಿನಾಲ್ಕು ಅಂತಸ್ತು ಹತ್ತಿ ಇಳಿಯುತ್ತಿದ್ದರು. ಒಳಗೆ ಹೊಳೆಯುವ ತಗಡು, ಮೂಲೆಯ ಸ್ಟೂಲಿನ ಮೇಲೆ ಲಿಫ್ಟಿನ ಅಜ್ಜ. ಅಜ್ಜ ಎದ್ದು, ತನ್ನ ಸ್ಟೂಲನ್ನು ನಡುವೆ ಎಳೆದಿಟ್ಟ.

"ಇದ್ರಲ್ಲಿ ಬೇಡ," ಎಂದರು ಸಾಹೇಬರು. "ಸಾಮಾನಿನ ಲಿಫ್ಟು ತರಿಸಿ."

"ಏನಂದ್ರಿ ಸಾರ್?" ಎಂದ ಅಜ್ಜ. "ನನಗೆ ಈ ಕಿವಿ ಮಂದ." ಎಂದವನೇ, ಟೈಲ್ಸ್‌ನವನು ಕಾಯಿಲೆಯವನನ್ನು ಸ್ಟೂಲಿನ ಮೇಲೆ ಕೂರಿಸುವಾಗ ಪಿಸುಗುಟ್ಟಿದ್ದನ್ನು ಕೇಳಿಸಿಕೊಂಡು, "ಹೂಂ, ಗೇಟಿನ ಹತ್ರ ಗಾಡಿ ನಿಲ್ಸೋಕೆ ಹೇಳಿದೀನಿ" ಎಂದ.

ಬಾಗಿಲು ಮುಚ್ಚಿತು. ಲಿಫ್ಟು ಇಳಿಯಿತು.

ಅವಳು ಅವನ ಹಿಂದೆ ನಿಂತು ತಲೆಯನ್ನು ತನ್ನ ಹೊಟ್ಟೆಗೆ ಒರಗಿಸಿಕೊಂಡಿದ್ದಳು. ತಗಡಿನ ಗೋಡೆಯಲ್ಲಿ ಇಬ್ಬರೂ ಕಾಣುತ್ತಿದ್ದರು. ಬಿಳಿ ತಲೆಯ ಅಜ್ಜಿ, ಬಿಳಿ ತಲೆಯ ಅಜ್ಜ. ಶೆಡ್ಡು ಹೋಯಿತು. ಕೆಲಸ ಹೋಯಿತು. ಆಸ್ಪತ್ರೆಯವರೆಗೆ ಉಸಿರು ಇರುತ್ತದೋ ಇಲ್ಲವೋ. ಕೆಮ್ಮಿಗೆ ಮರೆ ಮಾಡಿದೆ ಎಂದುಕೊಂಡಿದ್ದಳು. ಅದೇ ಸದ್ದಿನಲ್ಲಿ ಅವನು ಕರೆದದ್ದೂ ಮುಳುಗಿಹೋಗಿತ್ತು.

ಹನ್ನೆರಡನೆಯ ಅಂತಸ್ತು ದಾಟುವಾಗ ಅವನ ಎಡ ಭುಜ ಎದ್ದಿತು. ಅವನು ತುಟಿ ಬಿಗಿಹಿಡಿದು, ತಗಡಿನಲ್ಲಿ ಅವಳ ಕಡೆ ನೋಡಿದ. ಸಾಯುತ್ತ ಕೂಡ ಅವನು ಮಿಷನ್ನಿಗೆ ಕಾಯುತ್ತಿದ್ದ.

ಅವಳ ಕೈಯಲ್ಲಿ ಏನೂ ಇರಲಿಲ್ಲ.

"ಕೆಮ್ಮಿ," ಎಂದಳು. "ತಡೀಬೇಡಿ. ಎಲ್ಲರಿಗೂ ಕೇಳ್ಲಿ."

ಅವನು ಕೆಮ್ಮಿದ. ಇಷ್ಟು ದಿನ ತಡೆದದ್ದನ್ನೆಲ್ಲ ಕೆಮ್ಮಿದ. ತಗಡು ಅದುರಿತು. ಲಿಫ್ಟಿನ ಬಾವಿಯಲ್ಲಿ ಆ ಕೆಮ್ಮು ಮೇಲಕ್ಕೂ ಕೆಳಕ್ಕೂ ಹೋಯಿತು. ಅಜ್ಜ ತನ್ನ ಮಂದ ಕಿವಿಯ ಕಡೆಯ ಕೈಯನ್ನು ಅವನ ಬೆನ್ನಿನ ಮೇಲಿಟ್ಟ.

ಒಂಬತ್ತನೆಯ ಅಂತಸ್ತಿನಲ್ಲಿ ಇನ್ನೊಂದು ಜೋಡಿ ಉಜ್ಜುತ್ತಿತ್ತು. ಹತ್ತಿರವಾಗುತ್ತ ಬಂದ ಆ ಮಿಷನ್ನಿನ ಸದ್ದು, ಇವರು ಆ ಅಂತಸ್ತನ್ನು ದಾಟುವಾಗ, ಗಕ್ಕನೆ ನಿಂತಿತು.

ನಿಂತ ಮೇಲೆ, ಗೋಡೆಯ ಆಚೆಯಿಂದ, ಯಾರೋ ಕೆಮ್ಮುತ್ತಿರುವುದು ಕೇಳಿಸಿತು.